ಎರ್ರಿ ಕೈ ಚೀಪುತ್ತಾನೆ

"ಅಮ್ಮಾ, ಮತ್ತ ಕೈ ಬಾಯಾಗ ಇಟ್ಕಂಡ ನೋಡು!"

ಸುವರ್ಣಿ ತೊಟ್ಟಿಲ ಪಕ್ಕದಿಂದ ಕೂಗಿದಳು. ತೊಟ್ಟಿಲಲ್ಲಿ ಅವಳ ಮೂರು ತಿಂಗಳ ತಮ್ಮ ಎರ್ರಿಸ್ವಾಮಿ ತನ್ನ ಮುಷ್ಟಿಯನ್ನು ಇಡಿಯಾಗಿ ಬಾಯಿಗೆ ತುರುಕಲು ನೋಡುತ್ತಿದ್ದ. ಮುಷ್ಟಿ ದೊಡ್ಡದು, ಬಾಯಿ ಚಿಕ್ಕದು. ಒಳಗೆ ಹೋದಷ್ಟನ್ನೇ ಪಚಪಚ ಚೀಪುತ್ತಿದ್ದ. ಜೊಲ್ಲು ಗಲ್ಲದಿಂದ ಕುತ್ತಿಗೆಗೆ ಇಳಿದಿತ್ತು.

ಅಮ್ಮ ಚನ್ನವೀರಮ್ಮ ಆಗಷ್ಟೇ ಊಟಕ್ಕೆ ಕೂತಿದ್ದಳು. ಒಂದು ತುತ್ತು ರೊಟ್ಟಿ ಬಾಯಿಗೆ ಹೋಗಿತ್ತು, ಅಷ್ಟೆ. ಕೈ ತೊಳೆದುಕೊಂಡು ಎದ್ದು ಬಂದಳು.

"ಈಗಿನ್ನಾ ಕುಡಿಸೀನಲ್ಲ..." ಅಂದಳು ತನಗೆ ತಾನೇ.

"ಹಸಿವಾಗೇತಿ, ಅದಕ್ಕ ಚೀಪ್ತಾನ," ಅಂದಳು ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಗಾದೆಮ್ಮ. ಅವಳು ಅಪ್ಪನ ತಾಯಿ. "ಕೂಸಿಗೆ ಮಾತು ಬರ್ತೈತೇನು? ಕೈ ಚೀಪಿ ಹೇಳ್ತೈತಿ."

ಅಮ್ಮ ಗೋಡೆಗೆ ಒರಗಿ ಕೂತು, ಸೆರಗು ಮುಚ್ಚಿ, ಎರ್ರಿಗೆ ಹಾಲು ಕುಡಿಸಲು ಹೋದಳು. ಅವನು ನಾಲ್ಕು ಗುಟುಕು ಕುಡಿದ. ಮುಖ ತಿರುಗಿಸಿ ಸುವರ್ಣಿಯನ್ನು ನೋಡಿ ನಕ್ಕ. ತೊಟ್ಟಿಲಿಗೆ ಹಾಕಿದ್ದೇ ತಡ, ಕೈ ಮತ್ತೆ ಬಾಯಿಗೆ ಹೋಯಿತು.

"ಅಮ್ಮಾ!" ಸುವರ್ಣಿ ಕೂಗಿದಳು.

ಬೇಸಿಗೆಯಾದ್ದರಿಂದ ಸಿರುಗುಪ್ಪದಲ್ಲಿ ಶಾಲೆ ಬೆಳಗಿನ ಹೊತ್ತು ಮಾತ್ರ ಇತ್ತು. ಐದನೇ ಕ್ಲಾಸಿನ ಸುವರ್ಣಿ ಮಧ್ಯಾಹ್ನಕ್ಕೇ ಮನೆಗೆ ಬಂದುಬಿಡುತ್ತಿದ್ದಳು. ಅಲ್ಲಿಂದ ಸಂಜೆಯವರೆಗೆ ತಮ್ಮನನ್ನು ನೋಡಿಕೊಳ್ಳುವುದು ಅವಳ ಕೆಲಸ. ಕೈ ಬಾಯಿಗೆ ಹೋದ ಕೂಡಲೇ ಅಮ್ಮನನ್ನು ಕರೆಯಬೇಕು ಎಂದು ಅಜ್ಜಿ ಹೇಳಿದ್ದಳು. ಸುವರ್ಣಿ ಕ್ಲಾಸ್ ಮಾನಿಟರ್ ಥರ, ಒಂದು ಸಲವೂ ತಪ್ಪದೆ ಕರೆಯುತ್ತಿದ್ದಳು.

ಅವತ್ತು ಪಕ್ಕದ ಮನೆಯ ಸತ್ಯಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದಳು. ತೊಟ್ಟಿಲಿಗೆ ಬಗ್ಗಿ ನೋಡಿದಳು.

"ಹಾಲು ಸಾಲವಲ್ದು ಕಾಣ್ತೈತಿ ಚನ್ನವೀರಮ್ಮ. ನನ್ನ ಮೊಮ್ಮಗ ಒಂದಿನಾನೂ ಹಿಂಗ ಕೈ ತಿಂದವನಲ್ಲ. ಡಬ್ಬಿ ಹಾಲು ಹಾಕು. ಈಗೆಲ್ಲಾರೂ ಅದನ್ನ ಹಾಕ್ತಾರ."

ಅಮ್ಮ ಹೆಪ್ಪು ತರಲು ಒಳಗೆ ಹೋದಳು.

ರಾತ್ರಿ ಊಟದ ಹೊತ್ತಿಗೆ ಅಜ್ಜಿ ಆ ಮಾತನ್ನು ಅಪ್ಪನಿಗೆ ಮುಟ್ಟಿಸಿದಳು. ಅಪ್ಪ ವಿರೂಪಾಕ್ಷಪ್ಪನದು ಸೈಕಲ್ ಶಾಪು. ಮರುದಿನ ಟೈರು, ಟ್ಯೂಬು ತರಲು ಬಳ್ಳಾರಿಗೆ ಹೋದವನು, ಮಧ್ಯಾಹ್ನದ ಬಸ್ಸಿಗೆ ಟೈರುಗಳ ಜೊತೆ ಒಂದು ಹಾಲಿನ ಪುಡಿಯ ಡಬ್ಬಿಯನ್ನೂ ಹಿಡಿದು ಬಂದ.

ಡಬ್ಬಿಯ ಮೇಲೆ ಬೆಳ್ಳಗಿನ, ಗುಂಡು ಗುಂಡಾದ ಕೂಸಿನ ಚಿತ್ರವಿತ್ತು.

"ಅಬ್ಬಾ, ಎಷ್ಟು ದಪ್ಪ ಅದಾನ! ನಮ್ಮ ಎರ್ರಿನೂ ಹಿಂಗ ಆಗ್ತಾನಲ್ಲಮ್ಮ?" ಸುವರ್ಣಿ ಡಬ್ಬಿಯನ್ನು ಅಮ್ಮನ ಮುಖದ ಮುಂದೆ ಹಿಡಿದಳು.

ಅಮ್ಮ ಚಿತ್ರ ನೋಡಿದಳು. "ನೀರು ಕಾಸ್ತೀನಿ," ಎಂದು ಅಡುಗೆಮನೆಗೆ ಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲ. ಸುವರ್ಣಿ ಹೋಗಿ ನೋಡಿದಳು. ನೀರು ಕುದಿದು ಕುದಿದು ಅರ್ಧಕ್ಕೆ ಇಳಿದಿತ್ತು. ಅಮ್ಮ ಅದರ ಮುಂದೆ ಸುಮ್ಮನೆ ನಿಂತಿದ್ದಳು.

"ಅಮ್ಮ, ಅಜ್ಜಿ ಚಮಚ ತಾ ಅಂದ್ಲು."

ಅಮ್ಮ ಕೈಗೆ ಸಿಕ್ಕ ಸೌಟು ತೆಗೆದುಕೊಟ್ಟಳು.

"ಚಮಚ, ಅಮ್ಮ."

"ಹಾಂ? ಹೌದಲ್ಲ..." ಅಮ್ಮ ಸೌಟು ವಾಪಸ್ ತೆಗೆದುಕೊಂಡು ಚಮಚ ಕೊಟ್ಟಳು. ಸುವರ್ಣಿ ಹೋಗುವಾಗ ಅಮ್ಮನನ್ನು ತಿರುಗಿ ನೋಡಿದಳು.

ಅಜ್ಜಿ ಕಾಲು ಚಾಚಿ, ಎರ್ರಿಯನ್ನು ಕಾಲ ಮೇಲೆ ಮಲಗಿಸಿಕೊಂಡಳು. ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆಯಲ್ಲಿ ಡಬ್ಬಿ ಹಾಲು ತುಂಬಿ, ಅದರ ಮೂತಿಯಿಂದ ಸ್ವಲ್ಪ ಸ್ವಲ್ಪವೇ ಬಾಯಿಗೆ ಬಿಟ್ಟಳು. ಎರ್ರಿ ಕಣ್ಣರಳಿಸಿ ನುಂಗಿದ.

"ಇನ್ನೀಟು ಕುಡಿ ನನ್ನಪ್ಪ. ಇನ್ನೀಟು."

ಕೊನೆಗೆ ಅಜ್ಜಿ ಅವನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಎರ್ರಿ ದೊಡ್ಡದಾಗಿ ತೇಗಿ, ಅವಳ ಸೀರೆಯ ಮೇಲೆ ಹಾಲು ಕಕ್ಕಿದ. ಅಜ್ಜಿ ಬೇಸರಪಡಲಿಲ್ಲ. "ಹೊಟ್ಟಿ ಬಿರಿಯ ಕುಡಿದಾನ ನೋಡು," ಎಂದು ತೊಟ್ಟಿಲಿಗೆ ಹಾಕಿದಳು.

ಎಲ್ಲರೂ ತೊಟ್ಟಿಲ ಸುತ್ತ ನಿಂತರು. ಎರ್ರಿಯ ಕೈ ಮೆಲ್ಲಗೆ ಮೇಲೆದ್ದಿತು. ಮೂಗಿಗೆ ಬಡಿಯಿತು, ಕೆನ್ನೆಗೆ ಬಡಿಯಿತು. ಆಮೇಲೆ ಬಾಯಿ ಸಿಕ್ಕಿತು.

ಪಚಪಚ, ಪಚಪಚ.

"ಇನ್ನೂ ಬೇಕೇನೋ!" ಅಜ್ಜಿ ಒಳಲೆಗೆ ಕೈ ಹಾಕಿದಳು.

"ಬ್ಯಾಡ ಅಜ್ಜಿ!" ಅಂದಳು ಸುವರ್ಣಿ. ಎಲ್ಲರೂ ಅವಳ ಕಡೆ ತಿರುಗಿದರು. "ಈಗ ಕಕ್ಕಿದ್ನಲ್ಲ. ಹೊಟ್ಟಿ ತುಂಬೇತಿ ಅಂತ ನೀನ ಅಂದಿ. ಮತ್ತ ಇದು ಹಸಿವು ಹೆಂಗಾಗ್ತೈತಿ?"

ಅವಳು ಬಗ್ಗಿ ನೋಡಿದಳು. ಎರ್ರಿ ಕೈಯನ್ನು ಬಾಯಿಂದ ತೆಗೆದು, ಒದ್ದೆ ಬೆರಳುಗಳನ್ನು ಕಣ್ಣ ಮುಂದೆ ಹಿಡಿದು ನೋಡಿದ. ಅವು ಯಾರ ಬೆರಳೋ ಎಂಬಂತೆ ನೋಡಿದ. ಮತ್ತೆ ಬಾಯಿಗಿಟ್ಟುಕೊಂಡ. ಬೆರಳು ಸಡಿಲವಾಗಿದ್ದವು.

"ಖರೇನ ಹಸಿವಾದಾಗ ಹಿಂಗಿರಲ್ಲ ಅಜ್ಜಿ," ಸುವರ್ಣಿ ತಡವರಿಸುತ್ತ ಹೇಳಿದಳು. "ಮುಂಜಾನಿ ಸಾಲಿಗೆ ಹೋಗೂಮುಂದ ನೋಡ್ದೆ. ಮುಷ್ಟಿ ಗಟ್ಟಿ ಹಿಡಿದಿದ್ದ. ತಲಿ ಆ ಕಡಿ ಈ ಕಡಿ ತಿರುವಿ ಹುಡುಕ್ತಿದ್ದ. ಅಮ್ಮ ಕುಡಿಸಿದ ಮ್ಯಾಲ ಕೈ ಮೆತ್ತಗಾತು. ಆಮ್ಯಾಲನೂ ಚೀಪಿದ. ಆದ್ರ ನಕ್ಕೊಂತ ಚೀಪಿದ. ನಾನ ಸುಮ್ನ ಕೂಗಿಬಿಟ್ಟೆ."

"ಮಕ್ಕಳ ಮಾತು," ಅಂದಳು ಅಜ್ಜಿ. ಆದರೆ ಒಳಲೆಯಲ್ಲಿ ಹಾಲು ತುಂಬಲಿಲ್ಲ.

"ಅಪ್ಪಾ, ತಂತಿ ಮ್ಯಾಲ ನೋಡು!" ಸುವರ್ಣಿ ಹಿತ್ತಲ ಕಡೆ ಕೈ ತೋರಿಸಿದಳು. ತಂತಿಯ ತುಂಬ ಎರ್ರಿಯ ಬಟ್ಟೆಗಳು ಒಣಗುತ್ತಿದ್ದವು. "ಹಾಲು ಸಾಲದಿದ್ರ ಇಷ್ಟು ಬಟ್ಟಿ ಹೆಂಗ ತೋಯಿಸ್ತಾನ? ಹಿಂಡಿ ಹಾಕೋದು ನಾನು. ನಂಗೊತ್ತು."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಈಕಿ ಹೇಳೋದು ಬರೋಬ್ಬರಿ ಐತೆಮ್ಮ," ಅಂದ ಅಜ್ಜಿಗೆ.

ಅಜ್ಜಿ ಎರ್ರಿಯ ತೊಡೆ ಹಿಡಿದು ನೋಡಿದಳು. ಅಲ್ಲಿ ಮಡಿಕೆ ಮಡಿಕೆಯಾಗಿ ಮಾಂಸ ತುಂಬಿಕೊಂಡಿತ್ತು. ಇನ್ನೊಂದು ತೊಡೆಯನ್ನೂ ಹಿಡಿದು ನೋಡಿದಳು. "ಬಡಕಲಂತೂ ಆಗಿಲ್ಲ," ಅಂದಳು ಕಡೆಗೆ. "ಚನ್ನವೀರಿ, ನಿನ್ನ ಹಾಲನ್ನ ಕುಡಿಸು. ಡಬ್ಬಿ ಅಲ್ಲೇ ಇರ್ಲಿ. ಮದ್ಲ ನೀ ಹೋಗಿ ಉಣ್ಣು."

ಅಮ್ಮ ಹೋಗಿ ಊಟಕ್ಕೆ ಕೂತಳು. ಸುವರ್ಣಿ ಅವಳನ್ನು ನಡುವೆ ಎಬ್ಬಿಸಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಅಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಎರ್ರಿಗೆ ಹಾಲು ಕುಡಿಸುತ್ತಿದ್ದಳು. ಎರ್ರಿಗೆ ಈಗ ನಿಜವಾಗಿ ಹಸಿವಾಗಿತ್ತು. ಗುಟುಕು ಗುಟುಕಾಗಿ ನುಂಗುವ ಸದ್ದು ಸುವರ್ಣಿಗೂ ಕೇಳಿಸುತ್ತಿತ್ತು.

"ಅಮ್ಮ, ನಾನೂ ಕೈ ಚೀಪ್ತಿದ್ನಾ?"

"ಕೈ ಹಂಗಿರ್ಲಿ, ನೀನು ಕಾಲಿನ ಹೆಬ್ಬೆಟ್ಟನ್ನೂ ಬಿಟ್ಟಾಕಿ ಅಲ್ಲ."

"ಆವಾಗ್ಲೂ ಹಾಲು ಸಾಲದು ಅಂದಿದ್ರಾ?"

"ಅಂದಿದ್ರು."

"ನೀ ಏನ್ ಮಾಡ್ದಿ?"

ಅಮ್ಮ ಎರ್ರಿಯ ಹಣೆಯ ಬೆವರು ಒರೆಸಿದಳು. "ಆವಾಗ ಕೊಳಗಲ್ಲಿನ ಅಜ್ಜಿ ಇದ್ಲಲ್ಲ. ನಾ ಹಾಲು ಕುಡಿಸುವಾಗ ಬಂದು ಬಾಜುಕ ಕೂಡ್ತಿದ್ಲು."

"ಏನ್ ಹೇಳ್ತಿದ್ಲು?"

"ಏನೂ ಇಲ್ಲ. ಸುಮ್ನ ಕೂಡ್ತಿದ್ಲು."

ಕೊಳಗಲ್ಲಿನ ಅಜ್ಜಿ ಅಮ್ಮನ ತಾಯಿ. ಎರ್ರಿ ಹುಟ್ಟುವ ಮೊದಲೇ, ಹೋದ ವರ್ಷ ತೀರಿಕೊಂಡಿದ್ದಳು. ಅಮ್ಮ ಅವಳ ಬಗ್ಗೆ ಮಾತಾಡಿದ್ದನ್ನು ಆಮೇಲೆ ಸುವರ್ಣಿ ಕೇಳಿರಲಿಲ್ಲ.

"ಸುವರ್ಣೀ, ಕುಂಟಬಿಲ್ಲೆ ಆಡಾಕ ಬಾರೇ!" ಬೀದಿಯಿಂದ ಗೆಳತಿಯರು ಕೂಗಿದರು.

ಸುವರ್ಣಿ ಬಾಗಿಲವರೆಗೆ ಹೋದಳು. "ನೀವು ಆಡ್ತಿರ್ರಿ," ಅಂದಳು.

ಒಳಗೆ ಬಂದು ಚಾಪೆಯ ಮೇಲೆ, ಅಮ್ಮನ ಹೆಗಲಿಗೆ ಹೆಗಲು ತಾಗುವ ಹಾಗೆ ಕೂತಳು. ಅಮ್ಮ ತಿರುಗಿ ನೋಡಿದಳು. ಸುವರ್ಣಿ ಏನೂ ಹೇಳಲಿಲ್ಲ.