ಹಿಂದಿನ ಸಾಲಿನ ಜೋಡಿಗಿಡ

ಮೈಮೇಲಿನ ಹಸಿರು ಏಪ್ರನ್ ಬಿಚ್ಚಿಡಲು ಅವಳು ಮರೆತದ್ದೇ ತಪ್ಪಾಯಿತು.

“ಬೆಲೆ ನೋಡ್ಕೊಂಡು ಹೋಗೋಕೆ ಬಂದ್ರಾ?” ಎಂದ ನರ್ಸರಿಯವನು, ಗಿಡಗಳ ನಡುವೆ ಬಗ್ಗಿದ್ದಲ್ಲಿಂದ ಓರೆಗಣ್ಣಲ್ಲಿ ನೋಡಿ, ತಲೆ ಎತ್ತದೆ. “ನೋಡ್ಕೊಳ್ಳಿ. ಇಲ್ಲಿ ಎಲ್ಲೂ ಬರೆದಿಲ್ಲ.”

ಏಪ್ರನ್ ಮೇಲೆ ದೊಡ್ಡ ಗಾರ್ಡನ್ ಸೆಂಟರಿನ ಹೆಸರು ಅಂಗೈಯಷ್ಟು ಅಗಲಕ್ಕಿತ್ತು. ಬೆಳಗಿನಿಂದ ಅವಳು ಅಲ್ಲಿ ಬೆಲೆ ಚೀಟಿ ಅಂಟಿಸುತ್ತ ನಿಂತಿದ್ದಳು. ಪ್ರತಿ ಸೋಮವಾರ ಹಳೆಯ ಚೀಟಿಯ ಮೇಲೆ ಹೊಸ ಚೀಟಿ. ಉಗುರಿನಿಂದ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಹಳೆಯ ಬೆಲೆಗಳು ಏಳುತ್ತಿದ್ದವು. ಗಿಡ ಒಂದು ಗೇಣು ಬೆಳೆಯುವಷ್ಟರಲ್ಲಿ ಬೆಲೆ ಒಂದು ಮಾರು ಬೆಳೆದಿರುತ್ತಿತ್ತು. ಬೈಯುವ ಗಿರಾಕಿಗಳು ಮ್ಯಾನೇಜರನ್ನು ಬೈಯುತ್ತಿರಲಿಲ್ಲ, ಚೀಟಿ ಹಿಡಿದವಳನ್ನು ಬೈಯುತ್ತಿದ್ದರು. ಜೊತೆಯವರು ಅವಳಿಗೆ ಇಟ್ಟ ಹೆಸರೂ ಚೀಟಿ.

“ನೋಡೋಕಲ್ಲ, ಒಂದು ಗಿಡ ತಗೊಳ್ಳೋಕೆ ಬಂದೆ,” ಎಂದಳು. “ನಮ್ಮ ಅಂಗಡೀಲಿ ತಗೊಳ್ಳೋಕೆ ನನ್ನ ಕೈಲಾಗಲ್ಲ.”

ಆಗ ಅವನು ತಲೆ ಎತ್ತಿದ. ನಲವತ್ತು ದಾಟಿದ ಮುಖ, ಹುಬ್ಬಿನ ಮೇಲೆ ಮಣ್ಣು. ನಗು ಬಾಯಿಗೆ ಬರುವ ಮೊದಲು ಕಣ್ಣಂಚಿನಲ್ಲಿ ಒಂದು ಗಳಿಗೆ ನಿಂತು ಯೋಚಿಸಿತು.

“ಮನೇಲಿ ಬಿಸಿಲು ಎಷ್ಟು ಹೊತ್ತು ಬರುತ್ತೆ?”

“ಬಿಸಿಲಿರೋವಾಗ ನಾನು ಮನೇಲಿದ್ರೆ ತಾನೇ ಗೊತ್ತಾಗೋದು?”

“ಹಾಗಾದ್ರೆ ನೀರು ಹಾಕೋರು ಯಾರು?”

“ನಮ್ಮಕ್ಕ. ಮನೇಲೇ ಬಟ್ಟೆ ಹೊಲಿಯೋದು ಅವಳು. ಏನ್ರೀ ಇದು, ಗಿಡ ಕೇಳಿದ್ರೆ ಹೆಣ್ಣು ಕೊಡೋರ ಥರ ವಿಚಾರಿಸ್ತೀರಲ್ಲ!”

“ಕೊಟ್ಟ ಮೇಲೆ ವಿಚಾರಿಸಿ ಏನು ಪ್ರಯೋಜನ?” ಎಂದು ಅವನು ಒಂದು ಕೆಂಪು ಹೂವಿನ ಜೆರೇನಿಯಂ ಗಿಡ ಎತ್ತಿಕೊಂಡ.

ಅವನಿಗೆ ಆ ಬೀದಿಯವರು ಇಟ್ಟ ಹೆಸರು ಡಬ್ಬಿ ಮೇಷ್ಟ್ರು. ಹಾಲಿನಪುಡಿ ಡಬ್ಬಿ, ಪೇಂಟ್ ಡಬ್ಬಿ, ಬಿಸ್ಕತ್ ಡಬ್ಬಿ, ಸಿಕ್ಕಿದ್ದರಲ್ಲೆಲ್ಲ ಗಿಡ. ಕೊಳ್ಳಲು ಬಂದವರಿಗೆ ಪರೀಕ್ಷೆ. ಗಿಡವನ್ನು ಡಬ್ಬಿಯಿಂದ ಬಿಡಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಡಬ್ಬಿ ಮುಂದಿನ ಗಿಡಕ್ಕೆ. ಇನ್ನೊಂದು ಪದ್ಧತಿಯಿತ್ತು. ಮಾರಿದ ಪ್ರತಿ ಗಿಡದಿಂದ ಒಂದು ಕಡ್ಡಿ ಮುರಿದು, ಬೇರೆ ಡಬ್ಬಿಯಲ್ಲಿ ನೆಟ್ಟು, ಹಿಂದಿನ ಸಾಲಿನಲ್ಲಿ ಇಡುತ್ತಿದ್ದ. ಅದು ಜೋಡಿಗಿಡ. ಮನೆಗೆ ಹೋದ ಗಿಡ ಸತ್ತರೆ ಜೋಡಿಯನ್ನು ಪುಕ್ಕಟೆ ಕೊಡುತ್ತಿದ್ದ. ಯಾರದ್ದೆಂದು ಗೊತ್ತಾಗಲು ಐಸ್‌ಕ್ರೀಮ್ ಕಡ್ಡಿಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಗಿರಾಕಿಗಳು ಓದದ ಹಾಗೆ ಮಣ್ಣಿನೊಳಗೆ ಆಳಕ್ಕೆ ಚುಚ್ಚುತ್ತಿದ್ದ.

“ಅಂಗಡಿ ಹೊಸ ಗಿಡ ಕೊಡುತ್ತೆ,” ಎನ್ನುತ್ತಿದ್ದ. “ನಾನು ಅದೇ ಗಿಡ ಕೊಡ್ತೀನಿ.”

ಗಿಡ ಕೊಂಡದ್ದು ಒಂದು, ನೆಪ ಹುಟ್ಟಿದ್ದು ನೂರು. ಎಲೆ ಹಳದಿಯಾಯಿತು, ಮೊಗ್ಗು ಬಂತು, ಇರುವೆ ಹತ್ತಿತು. ಕೆಲಸ ಮುಗಿಸಿ ಅವಳು ಆ ದಾರಿ ಹಿಡಿಯುವಾಗ ಕಾಲುಗಳು ಸೀಸದ ಹಾಗಿರುತ್ತಿದ್ದವು. ಅವನು ಬಕೆಟ್ ಬೋರಲು ಹಾಕಿ, ಮೇಲೆ ಗೋಣಿ ಹಾಸಿ, ಅವಳ ಕಡೆ ತಳ್ಳುತ್ತಿದ್ದ. ಇಬ್ಬರೂ ದಣಿದವರು. ಮಾತಿಲ್ಲದೆ ಕೂತಿದ್ದರೂ ಅದು ಮುನಿಸಿನ ಹಾಗೆ ಕಾಣುತ್ತಿರಲಿಲ್ಲ. ಒಮ್ಮೆ ಅವಳ ಹೆಬ್ಬೆರಳಿಗೆ ಅಂಟಿದ್ದ ಚೀಟಿಯೊಂದನ್ನು ಅವನು ಮೆಲ್ಲಗೆ ಬಿಡಿಸಿ, ಅದರಲ್ಲಿದ್ದ ಬೆಲೆ ಓದಿದ.

“ಪರವಾಗಿಲ್ಲ, ಕಮ್ಮೀನೇ ಹಾಕಿದಾರೆ,” ಎಂದ.

ಅವಳು ಬೇರೆ ಕಡೆ ನೋಡಿದಳು. ಕಿವಿ ಬೆಚ್ಚಗಾಯಿತು.

“ಯಾಕೇ, ಇವತ್ತೂ ಗಿಡಕ್ಕೆ ಹೊಟ್ಟೆನೋವಾ?” ಎಂದು ಮನೆಯಲ್ಲಿ ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸದೆ ಕೇಳುತ್ತಿದ್ದಳು. “ಆ ಮೇಷ್ಟ್ರನ್ನೇ ಬಾಲ್ಕನೀಲಿ ನೆಟ್ಟುಬಿಡು. ಓಡಾಟ ತಪ್ಪುತ್ತೆ.”

ಒಂದೇ ಒಂದು ಸಂಗತಿ ಅವಳನ್ನು ಚುಚ್ಚುತ್ತಿತ್ತು. ಅವನು ಕೊಳಾಯಿಗೆ ಹೋದಾಗ ಹಿಂದಿನ ಸಾಲಿನ ಹೆಸರಿನ ಕಡ್ಡಿಗಳನ್ನೆಲ್ಲ ಒಮ್ಮೆ ಎಳೆದು ನೋಡಿದ್ದಳು. ಮೂರನೇ ಮಹಡಿ ಅಜ್ಜಿ ಇದ್ದರು, ಬೇಕರಿಯವರು ಇದ್ದರು. ಅವಳದ್ದು ಇರಲಿಲ್ಲ. ಊರಿಗೆಲ್ಲ ಜೋಡಿ ಇಟ್ಟವನು ತನ್ನ ಗಿಡಕ್ಕೆ ಮಾತ್ರ ಇಟ್ಟಿಲ್ಲ. ಕೇಳಲು ಬಾಯಿ ಬರಲಿಲ್ಲ.

ಗೊಬ್ಬರದ ಬೆಲೆಯೂ ಏರಿತ್ತು. ಒಂದು ಭಾನುವಾರ ಅವನು ಕಮ್ಮಿಗೆ ಸಿಗುವ ಕಡೆಯಿಂದ ತರಲು ಸೈಕಲ್ ಗಾಡಿ ತೆಗೆದ.

“ಎರಡು ಗಂಟೆ ನೋಡ್ಕೊಳ್ತೀರಾ?”

“ಹೋಗ್ಬನ್ನಿ. ನಾನೇನು ಅಂಗಡಿ ಹೊತ್ಕೊಂಡು ಓಡಿಹೋಗಲ್ಲ.”

ಬೆಲೆ ಬರೆಯದ ಅಂಗಡಿಯಲ್ಲಿ ಕೇಳಲು ನಾಚಿ ಎಷ್ಟು ಜನ ಹಾಗೇ ಹೋಗುತ್ತಾರೆಂಬುದು ಅವಳ ಕಸುಬಿನ ತಿಳಿವಳಿಕೆ. ಬ್ಯಾಗಿನಲ್ಲಿ ಚೀಟಿ ಸುರುಳಿ ಇತ್ತು. ಅವನು ಹೇಳುವ ಬೆಲೆಯನ್ನೇ ಬರೆದು ಮುಂದಿನ ಸಾಲಿಗೆಲ್ಲ ಅಂಟಿಸಿದಳು. ಜನ ಬಂದರು, ಓದಿದರು, ಕೊಂಡರು. ಅವಳು ಬಿಡಿಸಿದಳು, ಸುತ್ತಿದಳು, ಕೊಟ್ಟಳು. ಅವನು ಬಂದು ಖಾಲಿ ಸಾಲು ನೋಡುವ ಮುಖವನ್ನು ನೆನೆದು ಒಳಗೇ ನಕ್ಕಳು.

ಕಸ ಗುಡಿಸುವಾಗ ಪೊರಕೆಗೆ ಐಸ್‌ಕ್ರೀಮ್ ಕಡ್ಡಿಗಳು ಸಿಕ್ಕವು. ಏಳು. ಪ್ರತಿ ಭಾನುವಾರ ಜೋಡಿಗಳಿಗೂ ಬಿಸಿಲು ಸಿಗಲೆಂದು ಅವನು ಕೆಲವನ್ನು ಮುಂದಿನ ಸಾಲಿಗೆ ತಂದಿಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ; ಆ ಏಳು ಜೋಡಿಗಳನ್ನೂ ಮಾರಿಬಿಟ್ಟಿದ್ದಳು.

ಗೊಬ್ಬರದ ಗಾಡಿ ಬರುವುದಕ್ಕೂ ನಿವೃತ್ತ ಬಸ್ ಡ್ರೈವರ್ ಒಬ್ಬರು ಬರುವುದಕ್ಕೂ ಸರಿಹೋಯಿತು.

“ಮೇಷ್ಟ್ರೇ, ನಮ್ಮ ಮನೆಯವಳ ಗಿಡ ಹೋಯ್ತು,” ಎಂದರು ಅವರು. “ಬಿಳಿ ಹೂವು, ಕೆಂಪು ಅಂಚು. ಆಸ್ಪತ್ರೆ ಓಡಾಟದಲ್ಲಿ ನೀರು ಹಾಕೋಕಾಗ್ಲಿಲ್ಲ. ಹತ್ತು ದಿನಕ್ಕೆ ಅವಳನ್ನ ಕಳಿಸ್ತಾರಂತೆ. ಬರೋಷ್ಟರಲ್ಲಿ ಕಿಟಕೀಲಿ ಇಟ್ಬಿಡೋಣ ಅಂತ. ಜೋಡಿ ಇದೆಯಲ್ಲ?”

ಅವನು ಖಾಲಿ ಡಬ್ಬಿಗಳನ್ನು ನೋಡಿದ. ಅವಳ ಕೈಯಲ್ಲಿದ್ದ ಕಡ್ಡಿಗಳನ್ನು ನೋಡಿದ.

“ಒಂದು ವಾರ ಬಿಟ್ಟು ಬನ್ನಿ, ಯಜಮಾನ್ರೇ,” ಎಂದ.

ಅವರು ಹೋದ ಮೇಲೆ ಅವಳು ಹೇಳಿದ್ದನ್ನೆಲ್ಲ ಕೇಳಿ, “ಇರ್ಲಿ ಬಿಡಿ” ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂಟೆ ಇಳಿಸಿ ಗೋಡೆಗೆ ಒರಗಿ ಕೂತ. “ಡಬ್ಬಿಗೆ ಮಣ್ಣು ಯಾರು ಬೇಕಾದ್ರೂ ತುಂಬ್ತಾರೆ. ನನ್ನ ಹತ್ರ ಇದ್ದಿದ್ದು ಕೊಟ್ಟ ಮಾತೊಂದೇ. ಸಾಕಾಯ್ತು. ಮುಚ್ಚಿಬಿಡೋಣ ಅನ್ಸುತ್ತೆ.”

ಕಡ್ಡಿಗಳನ್ನು ಬ್ಯಾಗಿಗೆ ಹಾಕಿಕೊಂಡು ಅವಳು ಹೊರಟುಹೋದಳು. ಆ ವಾರ ಅತ್ತ ತಲೆ ಹಾಕಲಿಲ್ಲ.

ಸೋಮವಾರದಿಂದ ಕೆಲಸ ಮುಗಿದ ಮೇಲೆ, ಕಡ್ಡಿಗಳ ಮೇಲಿನ ಹೆಸರು ಹಿಡಿದು ಮನೆ ಮನೆ ಅಲೆದಳು. ಜೋಡಿ ಮಾರಿಹೋದರೇನು, ಮೂಲ ಗಿಡ ಮನೆಯಲ್ಲಿದೆಯಲ್ಲ. ಮೂರನೇ ಮಹಡಿ ಹತ್ತಿ ಬಾಗಿಲು ತಟ್ಟಿ, ನಿಜ ಹೇಳಿ, ಗಿಡದಿಂದ ಒಂದು ಕಡ್ಡಿ ಬೇಡಿದಳು.

“ತಪ್ಪು ಒಪ್ಕೊಳ್ಳೋಕೆ ಇಷ್ಟು ಮೆಟ್ಲು ಹತ್ತಿ ಬಂದ್ಯಾ?” ಎಂದರು ಅಜ್ಜಿ. “ಒಳ್ಳೇದು ನೋಡಿ ತಗೊಂಡು ಹೋಗಮ್ಮ. ನೀರು ಕುಡಿ ಮೊದಲು.”

ಬೇಕರಿಯವರು ಗೊಣಗಿದರು, ಆದರೆ ಕೊಟ್ಟರು. ಶುಕ್ರವಾರಕ್ಕೆ ಆರು ಕಡ್ಡಿಗಳಾದವು. ಬಿಳಿ ಹೂವಿನದು ಮಾತ್ರ ಇಲ್ಲ. ಅದಕ್ಕೆ ಮೂಲವೇ ಸತ್ತಿತ್ತು. ಅದರ ಜೋಡಿಯನ್ನು ಕೊಂಡವರು ಯಾರೋ ಹೆಂಗಸು, ಬೇರೇನೂ ನೆನಪಿಲ್ಲ.

ಶನಿವಾರ ಮುಂದಿನ ವಾರದ ಬೆಲೆಪಟ್ಟಿ ತರಲು ಮ್ಯಾನೇಜರ್ ರೂಮಿಗೆ ಹೋದವಳು ಬಾಗಿಲಲ್ಲೇ ನಿಂತಳು. ಕಿಟಕಿಯಲ್ಲಿ ಬಿಳಿ ಜೆರೇನಿಯಂ, ಕೆಂಪು ಅಂಚು.

“ಸರ್, ಇದು ನಮ್ಮ ಅಂಗಡೀದಲ್ಲ.”

ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು. “ನನ್ನ ಹೆಂಡ್ತಿ ತಂದಿದ್ದು. ಯಾವುದೋ ಡಬ್ಬಿ ನರ್ಸರಿಯಂತೆ. ನಮ್ಮ ರೇಟಲ್ಲಿ ಯಾರ್ರೀ ತಗೊಳ್ತಾರೆ? ಹೊರಗೆ ಹೇಳ್ಬೇಡಿ.”

“ಹೇಳಲ್ಲ ಸರ್. ಗಿಡ ನನಗೆ ಕೊಡಿ.”

ಯಾಕೆಂದು ಅವಳು ಹೇಳಿದಳು. ಆಸ್ಪತ್ರೆಯ ಮಾತು ಬಂದಾಗ ಅವರು ಕನ್ನಡಕ ತೆಗೆದು ಒರೆಸಿದರು. “ಹಿಂದಿನ ಬಾಗಿಲಿಂದ ತಗೊಂಡು ಹೋಗಿ,” ಎಂದರು. “ಹಾಗೇ, ಅಲ್ಲಿ ನಿಂಬೆ ಗಿಡ ಸಿಗುತ್ತಾ ಕೇಳಿ.”

ಸಂಜೆ ಅವಳು ನರ್ಸರಿಗೆ ಬಂದಾಗ ಅವನು ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅವಳು ಬಿಳಿ ಜೆರೇನಿಯಂ ಕೆಳಗಿಟ್ಟಳು. ಊಟದ ಡಬ್ಬಿ ತೆರೆದು, ಒದ್ದೆ ಬಟ್ಟೆ ಬಿಚ್ಚಿ ಕಡ್ಡಿಗಳನ್ನು ಸಾಲಾಗಿ ಮಲಗಿಸಿದಳು. ಪಕ್ಕದಲ್ಲಿ ಐಸ್‌ಕ್ರೀಮ್ ಕಡ್ಡಿಗಳು. ಅವನು ಒಂದೊಂದನ್ನೇ ಓದಿದ. ಕೊಳಾಯಿಯ ಕಡೆ ಹೋಗಿ ಮುಖ ತೊಳೆದು ಬಂದ.

“ವಾರವಿಡೀ ಅಲೆದ್ರಾ?”

“ಅಲೆದೆ. ಕಾಲು ನನ್ನದಲ್ಲ ಅನ್ಸುತ್ತೆ.” ಅವಳು ಬಟ್ಟೆಯ ಮಡಿಕೆಯಿಂದ ಕೊನೆಯ ಕಡ್ಡಿ ತೆಗೆದಳು. “ಇದು ನಮ್ಮ ಬಾಲ್ಕನೀದು. ಎಲ್ಲರಿಗೂ ಜೋಡಿ ಇಟ್ರಿ, ನನ್ನದಕ್ಕೆ ಮಾತ್ರ ಇಡ್ಲಿಲ್ಲ. ಇವತ್ತಾದ್ರೂ ಇಡಿ.”

ಅವನು ನರ್ಸರಿಗೆ ಅಂಟಿಕೊಂಡ ತನ್ನ ಕೋಣೆಯ ಬಾಗಿಲು ತಳ್ಳಿದ. ಒಂದು ಮಂಚ, ಒಂದು ಸ್ಟವ್, ಒಂದು ಕಿಟಕಿ. ಕಿಟಕಿಯಲ್ಲಿ, ಬಿಸಿಲು ಹೆಚ್ಚು ಹೊತ್ತು ನಿಲ್ಲುವ ಮೂಲೆಯಲ್ಲಿ, ಕೆಂಪು ಜೆರೇನಿಯಂ ಗೊಂಚಲು ಬಿಟ್ಟಿತ್ತು. ಮಣ್ಣಿನಲ್ಲಿದ್ದ ಹೆಸರಿನ ಕಡ್ಡಿಯನ್ನು ಅವಳೇ ಎಳೆದಳು. ಅದರ ಮೇಲೆ ‘ಚೀಟಿ’ ಎಂದಷ್ಟೇ ಇತ್ತು.

“ಹಿಂದಿನ ಸಾಲಲ್ಲಿ ಇಟ್ರೆ ಕೊಡ್ಬೇಕಾಗುತ್ತೆ,” ಎಂದ ಅವನು ನೆಲ ನೋಡುತ್ತ. “ಕೊಟ್ಟುಬಿಟ್ರೆ ನನ್ನ ಹತ್ರ ಏನಿರುತ್ತೆ?”

“ಗಿಡ ಇದ್ರೆ ಸಾಕಾ?”

“ಸಾಲಲ್ಲ,” ಎಂದ. “ಮೊದಲನೇ ದಿನದಿಂದಲೂ ಸಾಲಲ್ಲ. ಆದ್ರೆ ನನ್ನ ಹತ್ರ ಇರೋದು ಡಬ್ಬಿ. ನಿಮ್ಮನ್ನ ಹೇಗೆ ಕೇಳೋದು?”

“ಬಿಸಿಲು ಎಷ್ಟು ಹೊತ್ತು ಬರುತ್ತೆ ಅಂತ ಕೇಳೋಕೆ ಧೈರ್ಯ ಇತ್ತಲ್ಲ.”

ಅವನ ಕಣ್ಣಂಚಿನಲ್ಲಿ ನಗು ಬಂತು, ಈ ಸಲ ಅಲ್ಲಿ ನಿಲ್ಲದೆ ಬಾಯಿಗೂ ಇಳಿಯಿತು. ಅವಳು ಚಪ್ಪಲಿ ಬಿಟ್ಟು ಮಂಚದ ಅಂಚಿನಲ್ಲಿ ಕೂತಳು. ಅವನು ನೆಲದ ಮೇಲೆ ಕೂತು, ಊದಿಕೊಂಡ ಅವಳ ಪಾದವನ್ನು ಕೇಳದೆಯೇ ಕೈಗೆ ತೆಗೆದುಕೊಂಡ. ಮಣ್ಣಿನ ಕೈ, ಒರಟು, ಬೆಚ್ಚಗೆ. ಅವಳಿಗೆ ಅಳು ಬಂತು. ತಡೆಯಲಿಲ್ಲ.

ಫೋನ್ ಬಡಿದುಕೊಂಡಿತು.

“ಏನೇ, ಊಟಕ್ಕೆ ಬರ್ತೀಯೋ ಇಲ್ವೋ?” ಅಕ್ಕನ ದನಿ, ಹಿಂದೆ ಮೆಷಿನ್ನಿನ ಸದ್ದು.

“ಏಳು ಕಡ್ಡಿ ನೆಡೋದಿದೆ ಅಕ್ಕ. ನೆಟ್ಟು ಬರ್ತೀವಿ.”

ಮೆಷಿನ್ ನಿಂತಿತು.

“ಬರ್ತೀವಿ?” ಎಂದಳು ಅಕ್ಕ. “ಆಗಲಿ. ಮೇಷ್ಟ್ರಿಗೆ ಹೇಳು, ಈ ಮನೇಲಿ ಪ್ರಶ್ನೆ ಕೇಳೋಳು ನಾನು.”