ಪೂರ್ತಿಗೆ ಹೊಣೆ

ಈಗ ಹೇಳಿಬಿಡಲೇ? ಹೇಳಿದರೆ ಕೆಲಸ ಹೋಗುತ್ತದೆ. ಕೆಲಸವಿಲ್ಲದವನು ಹೆಣ್ಣು ಕೇಳಲು ಐಶ್ವರ್ಯಳ ಅಪ್ಪನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಹೇಳದಿದ್ದರೆ?

ಮಾಧವ ಬಗ್ಗಿಸಿದ ತಲೆ ಎತ್ತಲಿಲ್ಲ. ಹೆಬ್ಬಾಳದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮ್ಯಾನೇಜರ್ ರೂಮಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಮೇಜಿನ ಮುಂದೆ ಐಶ್ವರ್ಯ ಒಬ್ಬಳೇ.

ಇಂಗ್ಲಿಷ್ ಎಂ.ಎ. ಮಾಡಿಯೂ ಇಲ್ಲಿ ಬಟ್ಟೆ ಚೆಕ್ ಮಾಡುತ್ತಿದ್ದ ಅವನಿಗೆ, ಹೊಲಿಗೆ ಲೈನಿನ ಈ ಹುಡುಗಿ 'ಮೇಷ್ಟ್ರು' ಎಂದೇ ಹೆಸರಿಟ್ಟಿದ್ದಳು. ಮಾತು ಶುರುವಾದದ್ದು ಸಿಟಿ ಬಸ್ಸಿನಲ್ಲಿ. ದಾರಿಯ ಗೋಡೆಯೊಂದರ ಮೇಲೆ ಯಾರೋ ಬರೆದಿದ್ದರು: ಸಾಲಿಡಾರಿಟಿ.

"ಅಂಗಂದ್ರೇನ್ರೀ ಮೇಷ್ಟ್ರೇ?"

"ಒಗ್ಗಟ್ಟು. ಆದ್ರೆ ಬೇರು ಲ್ಯಾಟಿನ್ನಲ್ಲಿದೆ. ಸೋಲಿಡಸ್ ಅಂದ್ರೆ ಗಟ್ಟಿ, ಇಡಿಯಾದ್ದು. ರೋಮಿನವರ ಕಾನೂನಲ್ಲಿ ಹಲವರು ಸೇರಿ ಮಾತು ಕೊಟ್ರೆ, ಒಬ್ಬೊಬ್ಬನೂ ಪೂರ್ತಿಗೆ ಹೊಣೆ. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು."

"ನನ್ ಪಾಲು ಇಷ್ಟೇ ಅಂತ ಜಾರ್ಕೊಳಂಗಿಲ್ಲ ಅನ್ನಿ."

"ಇಲ್ಲ."

"ಮದ್ವೆ ಇದ್ದಂಗೇ ಕಣ್ರೀ!" ಎಂದು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವಳ ಕಣ್ಣು ಇವನನ್ನೇ ನೋಡುತ್ತಿತ್ತು. "ಯಾಕೆ, ಕಿವಿ ಕೆಂಪಾಗ್ಬುಡ್ತು?"

ನಿನ್ನೆ, ಫ್ಯಾನ್ ಕೆಟ್ಟ ಶೆಡ್ಡಿನಲ್ಲಿ ಐಶ್ವರ್ಯಳ ಲೈನಿನ ಸುಂದರಮ್ಮ ಹೊಲಿಯುತ್ತಲೇ ಕುಸಿದರು. "ಲೈನ್ ನಿಲ್ಲಿಸ್ಬೇಡಿ" ಎಂದು ಸೂಪರ್‌ವೈಸರ್ ಕೂಗಿದ. ಐಶ್ವರ್ಯ ಓಡಿಹೋಗಿ ಮೇನ್ ಸ್ವಿಚ್ಚಿನ ಹಿಡಿಗೆ ಕೈ ಹಾಕಿದಳು. ಅದು ಬಿಗಿಯಾಗಿತ್ತು. ಮಾಧವ ಹಿಂದಿನಿಂದ ಬಂದು ಅವಳ ಕೈ ಮೇಲೆ ತನ್ನ ಕೈ ಇಟ್ಟು ಎಳೆದ. ಅವಳನ್ನು ಮುಟ್ಟಿದ್ದು ಅದೇ ಮೊದಲು. ಇಡೀ ಶೆಡ್ಡಿನ ಸದ್ದಡಗಿತು. ಆ ಮೌನದಲ್ಲಿ ಕೈ ತೆಗೆಯುವುದು ಇಬ್ಬರಿಗೂ ಮರೆತುಹೋಯಿತು. ಉಳಿದವರೆಲ್ಲ ಸುಂದರಮ್ಮನ ಸುತ್ತ ಇದ್ದರು. ಯಾರೂ ನೋಡಲಿಲ್ಲ.

ಸುಂದರಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಇವತ್ತು ಈ ರೂಮಿನಲ್ಲಿ ಮ್ಯಾನೇಜರ್ ಕೇಳುತ್ತಿದ್ದುದು ಸ್ವಿಚ್ಚಿನ ವಿಷಯ ಮಾತ್ರ.

"ಆಫ್ ಮಾಡಿದ್ದು ಯಾರಮ್ಮ?"

"ನಾನೇ ಸಾರ್."

"ಒಬ್ಬಳೇನಾ?"

ಅವಳು ಅವಸರಪಡಲಿಲ್ಲ. ಬಸ್ಸಿನ ಗಾಜಿನಲ್ಲಿ ನೋಡಿದ ಹಾಗೆಯೇ ಮಾಧವನನ್ನು ನೋಡಿದಳು, ಕಾದಳು. ಅವನು ತನ್ನ ಚಪ್ಪಲಿ ನೋಡಿಕೊಂಡ.

"ಒಬ್ಬಳೇ."

ಸಂಜೆ, ಕೆಲಸ ಕಳೆದುಕೊಂಡವಳು ತನ್ನ ಕತ್ತರಿ, ಊಟದ ಡಬ್ಬಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದಳು.

"ಐಶ್ವರ್ಯ, ನಾನು..."

"ನಿಮ್ ಕೆಲ್ಸ ಉಳೀತಲ್ಲ, ಬುಡಿ ಮೇಷ್ಟ್ರೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬಂತು. ಅವಳು ಕಿಟಕಿಯ ಪಕ್ಕ ಕೂತಳು, ಗಾಜಿನ ಕಡೆ ತಿರುಗಲಿಲ್ಲ. ಅವನು ಹತ್ತಲಿಲ್ಲ.

ಆ ಹಿಡಿಯ ಮೇಲೆ ತನ್ನ ಕೈಯೂ ಇತ್ತೆಂದು ಮಾಧವ ಅವತ್ತು ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.