ಏಳೆಂಟು ಗೆರೆಯ ಮುಖ

ಗುಡ್ಡಪ್ಪನ ತಮ್ಮ ಭರಮಪ್ಪನನ್ನು ಹೋರಿ ತಿವಿದು ಕೊಂದ ದಿನ, ಅದರ ಒಡೆಯ ಪರಮೇಶ್ವರಪ್ಪ ಹೆಣದ ಮುಂದೆಯೇ ನಕ್ಕಿದ್ದ. "ಹೋರಿ ಹಿಡ್ಯಾಕ ಎದಿ ಬೇಕಲೇ. ಟೀವಿ ಗುಂಡಿ ತಿರುವಿದಂಗಲ್ಲ." ಆ ಮಾತು ಗುಡ್ಡಪ್ಪನಿಗೆ. ಬಿ.ಎಸ್ಸಿ. ಓದಿ ಹಿರೇಕೆರೂರಿನಲ್ಲಿ ಟೀವಿ ಅಂಗಡಿ ಇಟ್ಟಿದ್ದವನು ಅವನೇ.

ಅದೇ ಹೋರಿ ಪರಮೇಶ್ವರಪ್ಪನನ್ನೂ ತಿವಿಯಬೇಕು. ಗುಡ್ಡಪ್ಪ ಮುಂದಿನ ದೀಪಾವಳಿಯವರೆಗೆ ಕಾದ.

ಹಾನಗಲ್ಲ ಕಡೆಯ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಪರಮೇಶ್ವರಪ್ಪನದೊಂದು ಚಾಳಿ: ಬಿಡುವ ಮುನ್ನ ಹೋರಿಯ ಎದುರೇ ನಿಂತು, ಹಗ್ಗ ಗಿಡ್ಡ ಹಿಡಿದು, ಜನರತ್ತ ಮೀಸೆ ತಿರುವುವುದು. ಹಗ್ಗದ ಒಳಗಿನ ಎಳೆಗಳನ್ನಷ್ಟೇ ಕೊಯ್ದರೆ ಮೇಲೆ ಕಾಣುವುದಿಲ್ಲ. ಬೆದರಿಸಲು ಸಿಡಿಸುವ ಪಟಾಕಿಗೆ ಹೋರಿ ಜಗ್ಗಿದಾಗ ಹರಿಯುತ್ತದೆ. ಪಿಕ್ಚರ್ ಟ್ಯೂಬ್ ತರಲು ಹುಬ್ಬಳ್ಳಿಗೆ ಹೋಗುವುದಾಗಿ ಊರಿಗೆಲ್ಲ ಹೇಳಿ, ರುಮಾಲು ಸುತ್ತಿಕೊಂಡು ಸ್ಪರ್ಧೆಯ ಬಯಲಿಗೆ ಹೋದ ಗುಡ್ಡಪ್ಪ, ಪರಮೇಶ್ವರಪ್ಪನ ಚಕ್ಕಡಿಗೆ ನೇತುಹಾಕಿದ್ದ ಹೋರಿಯ ಹಗ್ಗವನ್ನು ಬ್ಲೇಡಿನಿಂದ ಕೊಯ್ದ. ಹಿಂದಿರುಗುವಾಗಲೇ ಅಟ್ಟಣಿಗೆಯ ಮೇಲಿನ ಟೀವಿಯವರ ಕ್ಯಾಮೆರಾ ಕಂಡಿದ್ದು. ಆ ಹಗ್ಗ ಕಟ್ಟಿ ಹೋರಿಯನ್ನು ನಿಲ್ಲಿಸಿದ್ದೇ ಪಟಾಕಿ ಸಿಡಿಯಿತು. ಪರಮೇಶ್ವರಪ್ಪ ಆಸ್ಪತ್ರೆ ಮುಟ್ಟಲಿಲ್ಲ.

ಸತ್ತವನ ಮೈದುನ ಫಕ್ಕೀರಪ್ಪ ಹಗ್ಗ ನೋಡಿ, "ಇದು ಹರಿದದ್ದಲ್ರೀ ಸಾಹೇಬ್ರ, ಕೊಯ್ದದ್ದು" ಎಂದು ಪೊಲೀಸ್ ಫೌಜದಾರರ ಕೈಗಿತ್ತ.

ಗುಡ್ಡಪ್ಪ ಬೆವರಲಿಲ್ಲ, ಲೆಕ್ಕ ಹಾಕಿದ. ಕ್ಯಾಮೆರಾ ತನ್ನನ್ನು ಹಿಡಿದಿದ್ದರೂ, ಟೀವಿ ಚಿತ್ರ ಮೂಡಿಸುವ ಅಡ್ಡ ಗೆರೆಗಳು ಇಡೀ ತೆರೆಗೆ ಇರುವುದೇ ಆರುನೂರಾ ಇಪ್ಪತ್ತೈದು. ಅಷ್ಟು ದೂರದ ಮುಖದ ಪಾಲಿಗೆ ಬರುವುದು ಹೆಚ್ಚೆಂದರೆ ಏಳೆಂಟು. ಅಷ್ಟರಲ್ಲಿ ಕಣ್ಣಿಲ್ಲ, ಮೂಗಿಲ್ಲ. ಒಂದು ಬೂದು ಮಚ್ಚೆ, ಅಷ್ಟೆ. ತೆರೆ ಎಷ್ಟೇ ದೊಡ್ಡದಾದರೂ ಮಚ್ಚೆ ದೊಡ್ಡದಾಗುತ್ತದೆಯೇ ಹೊರತು ಮುಖವಾಗುವುದಿಲ್ಲ.

ಆ ಸ್ಪರ್ಧೆಯ ಕಾರ್ಯಕ್ರಮ ಪ್ರಸಾರವಾಗುವ ಸಂಜೆ ಅವನೇ ಟೀವಿಯನ್ನು ಅಂಗಡಿಯ ಕಟ್ಟೆಗೆ ತಂದಿಟ್ಟು ಆಂಟೆನಾ ತಿರುಗಿಸಿ ಚಿತ್ರ ಸ್ವಚ್ಛ ಮಾಡಿದ. ಫೌಜದಾರರಿಗೆ ಕುರ್ಚಿ ಹಾಕಿದ. ಪಕ್ಕದಲ್ಲಿ ಫಕ್ಕೀರಪ್ಪ. ಮುಂದಿನ ಸಾಲಿನಲ್ಲಿ ಅವ್ವ ಅನ್ನವ್ವ. ಕಣ್ಣಿಗೆ ಪೊರೆ ಬಂದ ಅವಳಿಗೆ ಎದುರಿಗಿದ್ದವರ ಮುಖವೂ ಕಾಣದು.

"ನಿನಗೇನ್ ಕಾಣ್ತೈತಿ ಯವ್ವಾ?" ಯಾರೋ ಚಾಷ್ಟಿ ಮಾಡಿದರು.

"ನೆರಳು ಕಾಣ್ತಾವೇಳಪಾ. ಸಾಕು ನನಗ."

ತೆರೆಯ ಮೇಲೆ ಹೋರಿ, ಜನ, ಧೂಳು. ಮೂಲೆಯಲ್ಲಿ ರುಮಾಲಿನ ಮಚ್ಚೆಯೊಂದು ಚಕ್ಕಡಿಯತ್ತ ಸಾಗಿತು, ಹಗ್ಗದ ಮೇಲೆ ಬಾಗಿತು, ಹಿಂದಿರುಗಿತು. ಫೌಜದಾರರು ಮುಂದೆ ಬಗ್ಗಿ, ಮುಖ ಗುರುತಿಸಲು ಕಣ್ಣು ಕಿರಿದು ಮಾಡಿದರು. "ಮಾರಿನ ತಿಳೀವಲ್ದಲ್ಲೋ." ಗುಡ್ಡಪ್ಪ ಒಳಗೇ ನಕ್ಕ. ಲೆಕ್ಕ ಸರಿಯಿತ್ತು.

"ಅಯ್ಯ, ನಮ್ಮ ಗುಡ್ಡ!" ಅವ್ವ ಹಿಗ್ಗಿನಿಂದ ಚಪ್ಪಾಳೆ ತಟ್ಟಿದಳು. "ಟೀವ್ಯಾಗ ಬಂದಾನ ನೋಡ್ರಿ! ಥೇಟ್ ಅವರಪ್ಪನ ನಡಿಗಿ!" ಫಕ್ಕೀರಪ್ಪನೂ ಫೌಜದಾರರೂ ಒಟ್ಟಿಗೇ ಹಿಂತಿರುಗಿ ಗುಡ್ಡಪ್ಪನನ್ನು ನೋಡಿದರು. ಗುಡ್ಡಪ್ಪ ಲೆಕ್ಕ ಹಾಕಿದ್ದು ನಿಂತ ಚಿತ್ರಕ್ಕೆ. ತೆರೆಯ ಮೇಲೆ ಚಿತ್ರ ನಡೆಯುತ್ತಿತ್ತು. ಪ್ರತಿ ಸಂಜೆ ಅವನು ಓಣಿಯ ತಿರುವು ದಾಟುವಷ್ಟರಲ್ಲೇ, ಇನ್ನೂ ಬಾಯಿ ಬಿಡುವ ಮೊದಲೇ, "ಬಂದ್ಯಾ ಗುಡ್ಡ?" ಎಂದು ಆ ಪೊರೆಗಣ್ಣಿನ ಅವ್ವ ಕಟ್ಟೆಯಿಂದ ಕೂಗುತ್ತಿದ್ದಳು.